ಶಾಲೆಯ ಮಕ್ಕಳಲ್ಲಿ ಗಳಗಂಡವೂ ಮಲೆನಾಡಿನ ಮಣ್ಣೂ

ಭೂಮಿಯಲ್ಲಿ ಯಾವುದಾದರೊಂದು ಸತ್ವವು ಕಡಮೆಯಾದರೆ ಅದು ಸಾಧಾರಣವಾಗಿ ಬೆಳೆಯ ಮೇಲೆ ತೋರಿಬರುತ್ತದೆ. ಸಾರಜನಕವು ಸಾಲದಿದ್ದರೆ ಪೈರಿನ ಹಳೆಯ ಎಲೆಗಳು ಹಳದಿಯಾಗುತ್ತವೆ. ಸತುವು ಸಾಲದಿದ್ದರೆ ನಾಟಿಯಾದ ಎರಡು ಮೂರು ವಾರಗಳಲ್ಲಿಯೇ ಬತ್ತದ ಗರಿಗಳಲ್ಲಿ ತುಕ್ಕಿನಂಥ ಕಂದು ಚುಕ್ಕೆಗಳು ಕಾಣುತ್ತವೆ. ಪೊಟ್ಯಾಷ್ ಸಾಲದಿದ್ದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಅನುಭವಸ್ಥನಾದ ರೈತನು ಬದುವಿನ ಮೇಲೆ ನಿಂತು ನೋಡಿದ ಮಾತ್ರಕ್ಕೆ ಗದ್ದೆಯು ಏನನ್ನು ಬೇಡುತ್ತಿದೆಯೆಂದು ಹೇಳಬಲ್ಲನು. ಆದರೆ ಒಂದು ಕೊರತೆಯು ಈ ನಿಯಮಕ್ಕೆ ಒಳಪಟ್ಟುದಲ್ಲ. ಅಯೋಡಿನ್ ಎಂಬ ದ್ರವ್ಯವು ಮಣ್ಣಿನಲ್ಲಿ ತೀರ ಕಡಮೆಯಾದರೂ ಬತ್ತವು ಹುಲುಸಾಗಿ ಬೆಳೆಯುತ್ತದೆ, ಅಡಕೆಯು ಗೊನೆ ಬಿಡುತ್ತದೆ, ಕಾಫಿಯು ಕಾಯಿ ಕಟ್ಟುತ್ತದೆ. ಇಳುವರಿಯಲ್ಲಿ ಯಾವ ಕುಂದೂ ತೋರುವುದಿಲ್ಲ. ಈ ಕೊರತೆಯು ತೋರುವುದು ಆ ಅನ್ನವನ್ನುಂಡ ಮಗುವಿನ ಕತ್ತಿನಲ್ಲಿ. ಅದಕ್ಕಿಂತ ಹೆಚ್ಚಾಗಿ, ಕಣ್ಣಿಗೆ ಕಾಣದ ರೀತಿಯಲ್ಲಿ, ಆ ಮಗುವಿನ ಬುದ್ಧಿಯಲ್ಲಿ.

ಗಳಗಂಡವೆಂದು ಕರೆಯಲ್ಪಡುವ ಕತ್ತಿನ ಊತವು ವೈದ್ಯರಿಗೆ ಸೇರಿದ ವಿಷಯವಲ್ಲವೇ, ವ್ಯವಸಾಯದ ಪತ್ರಿಕೆಯಲ್ಲಿ ಇದರ ಪ್ರಸ್ತಾಪವೇಕೆ ಎಂದು ಕೆಲವರಿಗೆ ತೋರಬಹುದು. ರೋಗವು ಮೂಲತಃ ಮಣ್ಣಿನದು, ಅದರ ನಿವಾರಣೆಯು ಗ್ರಾಮದ ಅಂಗಡಿಯಲ್ಲಿಯೂ ಯಜಮಾನರ ಉಗ್ರಾಣದಲ್ಲಿಯೂ ಇದೆ. ಈ ಎರಡೂ ಕಡೆಗಳಲ್ಲಿ ವೈದ್ಯನಿಗಿಂತ ಗ್ರಾಮದ ಮುಖ್ಯಸ್ಥರ ಮಾತೇ ಹೆಚ್ಚು ನಡೆಯತಕ್ಕದ್ದು.

ಕತ್ತಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗಡೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಚಿಟ್ಟೆಯ ಆಕಾರದ ಒಂದು ಗ್ರಂಥಿಯುಂಟು. ಇದಕ್ಕೆ ಥೈರಾಯ್ಡ್ ಗ್ರಂಥಿಯೆಂದು ಹೆಸರು. ಇದರಿಂದ ಹೊರಡುವ ರಸವು ರಕ್ತದಲ್ಲಿ ಬೆರೆತು ದೇಹದ ಶಾಖವನ್ನೂ ಎಲುಬುಗಳ ಬೆಳವಣಿಗೆಯನ್ನೂ ಮಿದುಳಿನ ರಚನೆಯನ್ನೂ ನಡೆಸುತ್ತದೆ. ಆ ರಸವನ್ನು ತಯಾರಿಸುವುದಕ್ಕೆ ಅಯೋಡಿನ್ ಬೇಕೇ ಬೇಕು; ಬೇರೆ ಯಾವ ವಸ್ತುವೂ ಅದರ ಸ್ಥಾನದಲ್ಲಿ ನಿಲ್ಲಲಾರದು. ಜರ್ಮನಿಯ ರಸಾಯನಶಾಸ್ತ್ರಜ್ಞನಾದ ಬೌಮನ್ ಎಂಬವನು 1895ರಲ್ಲಿ ಈ ಗ್ರಂಥಿಯಲ್ಲಿ ಅಯೋಡಿನ್ ಇರುವುದನ್ನು ಕಂಡುಹಿಡಿದನು. ಆಹಾರದಲ್ಲಿ ಇದು ಸಾಲದೆ ಬಂದಾಗ, ಕೆರೆಯ ನೀರು ತಗ್ಗಿದಂತೆಲ್ಲ ತೂಬನ್ನು ಅಗಲಿಸುವ ಹಾಗೆ, ಗ್ರಂಥಿಯು ತಾನೇ ದೊಡ್ಡದಾಗಿ, ರಕ್ತದಲ್ಲಿ ಹರಿಯುವ ಅಲ್ಪಸ್ವಲ್ಪ ಅಯೋಡಿನ್ನನ್ನು ಹಿಡಿದುಕೊಳ್ಳಲು ಯತ್ನಿಸುತ್ತದೆ. ಹೀಗೆ ದೊಡ್ಡದಾದ ಗ್ರಂಥಿಯೇ ಗಳಗಂಡ. ಅದು ಕೊರತೆಯ ಗುರುತೇ ಹೊರತು ಕೊರತೆಯ ಮುಖ್ಯ ಹಾನಿಯಲ್ಲ.

ಬೇಕಾಗುವ ಪ್ರಮಾಣವು ಆಶ್ಚರ್ಯವಾಗುವಷ್ಟು ಅಲ್ಪ. ಪ್ರಾಯದವರಿಗೆ ದಿನವೊಂದಕ್ಕೆ 150 ಮೈಕ್ರೋಗ್ರಾಮ್, 6ರಿಂದ 12 ವರ್ಷದ ಮಕ್ಕಳಿಗೆ 120, ಅವರಿಗಿಂತ ಚಿಕ್ಕವರಿಗೆ 90, ಗರ್ಭಿಣಿಯರಿಗೂ ಮೊಲೆಯೂಡುವ ತಾಯಂದಿರಿಗೂ 250. ಮೈಕ್ರೋಗ್ರಾಮ್ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಎಪ್ಪತ್ತು ವರ್ಷ ಬಾಳಿದ ಮನುಷ್ಯನಿಗೆ ಜೀವಮಾನಕ್ಕೆಲ್ಲ ಸೇರಿ ನಾಲ್ಕು ಗ್ರಾಮು ತುಂಬುವುದಿಲ್ಲ. ಆದರೆ ಒಂದೇ ಸಲ ಕೊಟ್ಟು ಮುಗಿಸತಕ್ಕ ಸಾಲವಲ್ಲ ಇದು. ದೇಹವು ಇದನ್ನು ಬಹುಕಾಲ ಕೂಡಿಟ್ಟುಕೊಳ್ಳಲಾರದು, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅದುಕಾರಣ ದಿನದಿನವೂ ಸ್ವಲ್ಪಸ್ವಲ್ಪವಾಗಿ ಬರುತ್ತಿರಬೇಕು.

ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ಇದು ಸಾಲದಿದ್ದರೆ ಆಗುವ ಹಾನಿಯನ್ನು ಬಹಳ ಮಂದಿ ಬೇರೆ ಹೆಸರಿನಿಂದ ಕರೆಯುತ್ತಾರೆ. ಮಗುವು ಬೇಗನೆ ದಣಿಯುತ್ತದೆ, ಚಳಿಯನ್ನು ತಾಳಲಾರದು, ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯುವುದಿಲ್ಲ, ಪಾಠದಲ್ಲಿ ಗಮನವು ನಿಲ್ಲುವುದಿಲ್ಲ, ನಿನ್ನೆ ಹೇಳಿದ್ದು ಇಂದು ನೆನಪಿರುವುದಿಲ್ಲ. ಉಪಾಧ್ಯಾಯರು ಇಂಥವನನ್ನು ಮಂದಮತಿಯೆನ್ನುತ್ತಾರೆ, ತಂದೆಯು ಸೋಮಾರಿಯೆನ್ನುತ್ತಾನೆ, ತೋಟದ ಯಜಮಾನರು ಕೂಲಿಯವರ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲವೆಂದು ತೀರ್ಮಾನಿಸುತ್ತಾರೆ. ಈ ಕೊನೆಯ ಮಾತು ಬಹಳ ಅನ್ಯಾಯವಾದುದು. ಏಕೆಂದರೆ ಅದೇ ಮಕ್ಕಳು ತಿನ್ನುವ ಉಪ್ಪು ಅನೇಕ ವೇಳೆ ಆ ಯಜಮಾನರ ಉಗ್ರಾಣದಿಂದಲೇ ಹೋದದ್ದಾಗಿರಬಹುದು. ಗ್ರಂಥಿಯ ರಸವು ಕಡಮೆಯಾಗಿರುವ ಶಾಲಾಮಗುವಿಗೆ ಅಯೋಡಿನ್ ದೊರಕಿದರೆ ಚಟುವಟಿಕೆಯೂ ಕಲಿಕೆಯೂ ಒಂದಿಷ್ಟು ಸುಧಾರಿಸುತ್ತವೆ. ಆದರೆ ಗರ್ಭದಲ್ಲಿದ್ದಾಗ ಆದ ನಷ್ಟವು ಆಮೇಲೆ ತುಂಬಿಬರುವುದಿಲ್ಲ. ತಾಯಿಯಲ್ಲಿ ಕೊರತೆಯು ಬಲವಾಗಿದ್ದರೆ ಗರ್ಭಪಾತವಾಗಬಹುದು, ಕೂಸು ಸತ್ತು ಹುಟ್ಟಬಹುದು, ಅಥವಾ ಕಿವುಡು, ಮೂಗತನ, ಕುಬ್ಜತೆ, ಬುದ್ಧಿಮಾಂದ್ಯಗಳೊಡನೆ ಹುಟ್ಟಬಹುದು. ಇಂದು ಐದನೆಯ ತರಗತಿಯಲ್ಲಿ ಕುಳಿತಿರುವ ಹುಡುಗಿಯು ಇನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ತಾಯಿಯಾಗತಕ್ಕವಳು. ಶಾಲಾಬಾಲಿಕೆಯರ ಕತ್ತನ್ನು ನೋಡುವುದು ಎಂದರೆ ಮುಂದಿನ ತಲೆಮಾರಿನ ಕೂಸುಗಳ ವಿಷಯವನ್ನು ಮುಂಚಿತವಾಗಿ ವಿಚಾರಿಸಿಕೊಂಡಂತೆ.

ಇನ್ನು ಮಣ್ಣಿನ ವಿಚಾರ. ಲೋಕದ ಅಯೋಡಿನ್ನಿನ ದೊಡ್ಡ ಭಂಡಾರವೆಂದರೆ ಸಮುದ್ರ. ಅಲ್ಲಿಂದ ಅದು ಗಾಳಿಗೆ ಏರಿ ಮಳೆಯೊಡನೆ ನೆಲಕ್ಕೆ ಇಳಿಯುತ್ತದೆ. ಆದರೆ ಇಳಿಯುವ ಪ್ರಮಾಣವು ಬಹಳ ಸ್ವಲ್ಪ. ತೊಳೆದುಹೋಗುವುದು ಬಹಳ ಹೆಚ್ಚು. ಹಿಮಾಲಯದ ತಪ್ಪಲಿನಲ್ಲಿ ಹಿಮನದಿಗಳೂ ಪ್ರವಾಹಗಳೂ ಮೇಲ್ಮಣ್ಣನ್ನು ಕೊಚ್ಚಿದುದರಿಂದ ಅಲ್ಲಿ ಗಳಗಂಡವು ಪುರಾತನಕಾಲದಿಂದಲೂ ಪ್ರಸಿದ್ಧ. ಪಶ್ಚಿಮಘಟ್ಟಗಳಲ್ಲಿ ಹಿಮನದಿಯ ಕೆಲಸವನ್ನು ಮಳೆಯೇ ಮಾಡಿದೆ. ಆಗುಂಬೆಯಂಥ ಕಡೆಗಳಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಳಿಜಾರಿನ ಕೆಂಪು ಮಣ್ಣಿನಿಂದ ಸುಣ್ಣದ ಅಂಶವು ಹೇಗೆ ತೊಳೆದುಹೋಗಿ ಭೂಮಿಯು ಹುಳಿಯಾಗುವುದೋ, ಹಾಗೆಯೇ ಅಯೋಡಿನ್ನೂ ತೊಳೆದುಹೋಗುತ್ತದೆ. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿಯೂ, ಸಮುದ್ರಕ್ಕೆ ಅಂಟಿಕೊಂಡೇ ಇರುವ ದಕ್ಷಿಣ ಕನ್ನಡದಲ್ಲಿಯೂ ಸಮೀಕ್ಷೆ ಮಾಡಿದವರು ಶಾಲೆಯ ಮಕ್ಕಳಲ್ಲಿ ಗಳಗಂಡವನ್ನು ಕಂಡಿದ್ದಾರೆ. ಆದುದರಿಂದ ಕಡಲು ಹತ್ತಿರವಿದೆ ಎಂಬ ಧೈರ್ಯವು ಸಾಲದು. ಮೈದಾನದ ಸೀಮೆಯವರೂ ನಿಶ್ಚಿಂತರಾಗಿರುವಂತಿಲ್ಲ.

ಹೆಚ್ಚಿನ ಮಂದಿ ನಂಬಿರುವ ಇನ್ನೊಂದು ತಪ್ಪನ್ನು ಇಲ್ಲಿಯೇ ತಿದ್ದಬೇಕು. ಕಡಲಿನ ನೀರಿನಿಂದಲೇ ಉಪ್ಪು ಆಗುವುದರಿಂದ ಉಪ್ಪಿನಲ್ಲಿ ಅಯೋಡಿನ್ ಸ್ವಭಾವವಾಗಿಯೇ ಇರುವುದೆಂದು ಅವರು ಹೇಳುತ್ತಾರೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಕಟ್ಟುವುದನ್ನು ನೋಡಿದವರಿಗೆ ಈ ಸಂಗತಿಯು ಸುಲಭವಾಗಿ ತಿಳಿಯುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪಿನ ಹರಳು ಕೂಡಿದ ಮೇಲೆ ಕಹಿಯಾದ ಒಂದು ನೀರು ಉಳಿಯುತ್ತದೆ. ಅಯೋಡಿನ್ನಿನ ಅಂಶವು ಹರಳಿನೊಳಕ್ಕೆ ಸೇರದೆ ಆ ನೀರಿನಲ್ಲಿಯೇ ಹೆಚ್ಚಾಗಿ ನಿಲ್ಲುತ್ತದೆ. ಬರಿಯ ಕಡಲುಪ್ಪಾಗಲಿ, ಗಣಿಯ ಸೈಂಧವಲವಣವಾಗಲಿ ಮಗುವಿನ ಅಗತ್ಯವನ್ನು ಪೂರೈಸಲಾರದು. ಕಡಲಮೀನಿನಲ್ಲಿ ಅಯೋಡಿನ್ ಉಂಟು, ತಿನ್ನುವವರಿಗೆ ಅದು ಒಳ್ಳೆಯದೇ. ಆದರೆ ಘಟ್ಟದ ಮೇಲಿನ ಬಡವನ ಮನೆಗೆ ಅದು ದಿನವೂ ಬರುವುದಿಲ್ಲ.

ಉಪ್ಪಿನಲ್ಲಿ ಅಯೋಡಿನ್ ಬೆರಸಿದರೆ ಗಳಗಂಡವು ತಗ್ಗುವುದೆಂಬುದು ಕೇವಲ ಊಹೆಯಲ್ಲ. ಅಮೆರಿಕಾ ದೇಶದ ಓಹಾಯೋ ಸಂಸ್ಥಾನದ ಆಕ್ರನ್ ಎಂಬ ಪಟ್ಟಣದಲ್ಲಿ 1917ರಿಂದ ಡಾಕ್ಟರ್ ಮರೀನ್ ಮತ್ತು ಡಾಕ್ಟರ್ ಕಿಂಬಾಲ್ ಎಂಬವರು ಶಾಲಾಬಾಲಿಕೆಯರ ಮೇಲೆ ಒಂದು ಪ್ರಯೋಗವನ್ನು ನಡೆಸಿದರು. ಅಯೋಡಿನ್ ಲವಣವನ್ನು ಪಡೆದ 2190 ಬಾಲಿಕೆಯರಲ್ಲಿ 5 ಮಂದಿಗೆ ಮಾತ್ರ ಗ್ರಂಥಿಯು ಊದಿತು. ಪಡೆಯದ 2305 ಮಂದಿಯಲ್ಲಿ 495 ಮಂದಿಗೆ ಊದಿತು. ಗೊಬ್ಬರದ ಪ್ರಯೋಗಗಳಲ್ಲಿ ಹಾಕಿದ ಪಟ್ಟಿ, ಹಾಕದ ಪಟ್ಟಿಗಳನ್ನು ನೋಡಿ ಅಭ್ಯಾಸವಿರುವ ಹಿಡುವಳಿದಾರರಿಗೆ ಇಂಥ ಅಂತರವು ಎಷ್ಟು ಅಪೂರ್ವವೆಂಬುದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕೊಟ್ಟ ಪ್ರಮಾಣವು ಈಗಿನ ತಿಳಿವಳಿಕೆಗೆ ಬಹಳ ಹೆಚ್ಚಿನದು. ಅದನ್ನು ಯಾರೂ ಅನುಕರಿಸಕೂಡದು.

ನಮ್ಮ ದೇಶದ ಪ್ರಯೋಗವು ಇನ್ನೂ ಹೆಚ್ಚು ಬೋಧಪ್ರದವಾದುದು. ಈಗ ಹಿಮಾಚಲ ಪ್ರದೇಶಕ್ಕೆ ಸೇರಿದ ಕಾಂಗ್ರಾ ಕಣಿವೆಯಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಲ್ಲಿ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ಕಡೆಯ ವಲಯಗಳಿಗೆ ಅಯೋಡಿನ್ ಬೆರಸಿದ ಉಪ್ಪು ಹೋಯಿತು. ನಡುವಣ ವಲಯಕ್ಕೆ ಬರಿಯ ಉಪ್ಪು ಹೋಯಿತು. ಜನರ ಊಟ, ನೀರು, ಬೆಳೆ, ಯಾವುದನ್ನೂ ಬದಲಾಯಿಸಲಿಲ್ಲ. 1962ರ ಹೊತ್ತಿಗೆ ಬೆರಸಿದ ಉಪ್ಪನ್ನು ತಿಂದ ಎರಡು ವಲಯಗಳಲ್ಲಿ ಶಾಲಾಮಕ್ಕಳ ಗಳಗಂಡವು ಸುಮಾರು ಅರ್ಧಕ್ಕೆ ಇಳಿದಿತ್ತು; ನಡುವಣ ವಲಯದಲ್ಲಿ ಇದ್ದಂತೆಯೇ ಇತ್ತು. ಆ ಮೇಲೆ ನಡುವಣ ವಲಯಕ್ಕೂ ಬೆರಸಿದ ಉಪ್ಪನ್ನು ಕೊಡಲು ಅಲ್ಲಿಯೂ ರೋಗವು ಇಳಿಯಿತು. 1962ರಲ್ಲಿಯೇ ಭಾರತ ಸರ್ಕಾರದವರು ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದರು.

ಮಣ್ಣಿನಲ್ಲಿ ಇಲ್ಲದ ಸತ್ವವನ್ನು ಮಣ್ಣಿಗೇ ಹಾಕಬಾರದೇ ಎಂದು ರೈತನಾದವನು ಕೇಳುವುದು ಸಹಜ. ಚೀನಾ ದೇಶದ ಸಿಂಜಿಯಾಂಗ್ ಪ್ರಾಂತದ ಮರುಭೂಮಿಯ ಊರುಗಳಲ್ಲಿ 1990ರ ದಶಕದಲ್ಲಿ ಇದನ್ನೂ ಮಾಡಿನೋಡಿದ್ದಾರೆ. ನೀರಾವರಿಯ ಕಾಲುವೆಗೆ ಪೊಟ್ಯಾಸಿಯಂ ಅಯೋಡೇಟಿನ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡಲಾಗಿ, ಮಣ್ಣಿನಲ್ಲಿಯೂ ಪೈರಿನಲ್ಲಿಯೂ ಕುರಿಗಳಲ್ಲಿಯೂ ಜನರಲ್ಲಿಯೂ ಅಯೋಡಿನ್ ಹೆಚ್ಚಿತು, ಶಿಶುಮರಣವು ತಗ್ಗಿತು. ಆದರೆ ಅದು ಮಳೆಯೇ ಇಲ್ಲದ, ಕಾಲುವೆಯ ನೀರೊಂದನ್ನೇ ನಂಬಿದ ಸೀಮೆ. ಮಲೆನಾಡಿನಲ್ಲಿ ಗದ್ದೆಗೆ ಹಾಕಿದ್ದು ಆಷಾಢದ ಮೊದಲ ವಾರಕ್ಕೆ ಹಳ್ಳ ಸೇರಿ ಹೋಗುತ್ತದೆ. ಇಲ್ಲಿ ಗೊಬ್ಬರದ ದಾರಿ ಇಲ್ಲ, ಉಪ್ಪಿನ ದಾರಿಯೊಂದೇ.

ಕಾನೂನಿನ ಸ್ಥಿತಿಯನ್ನು ಮುಖ್ಯಸ್ಥರು ಚೆನ್ನಾಗಿ ತಿಳಿದಿರಬೇಕು. ಮನುಷ್ಯರ ಊಟಕ್ಕೆಂದು ಅಯೋಡಿನ್ ಇಲ್ಲದ ಉಪ್ಪನ್ನು ಮಾರುವುದನ್ನು 1998ರಲ್ಲಿ ದೇಶಾದ್ಯಂತ ನಿಷೇಧಿಸಿ, 2000ದಲ್ಲಿ ಆ ನಿಷೇಧವನ್ನು ತೆಗೆದು, 2006ರ ಮೇ 17ರಿಂದ ಮತ್ತೆ ಜಾರಿಗೆ ತಂದರು. 2011ರ ಆಹಾರ ಸುರಕ್ಷತಾ ನಿಬಂಧನೆಗಳಲ್ಲಿಯೂ ಇದು ಸೇರಿದೆ. ಹೀಗೆ ಹಾಕಿ, ತೆಗೆದು, ಮತ್ತೆ ಹಾಕಿದುದರಿಂದ ಅನೇಕ ಚಿಲ್ಲರೆ ಅಂಗಡಿಯವರಲ್ಲಿ ಇದು ಅಷ್ಟು ಕಟ್ಟುನಿಟ್ಟಾದ ವಿಷಯವಲ್ಲವೆಂಬ ಭಾವನೆಯು ಉಳಿದಿರುವುದಾದರೆ ಆಶ್ಚರ್ಯವಿಲ್ಲ. ಮನೆಗೆ ತಲಪುವಾಗ ಒಂದು ಕಿಲೋಗ್ರಾಮ್ ಉಪ್ಪಿನಲ್ಲಿ 15 ಮಿಲಿಗ್ರಾಮಿಗೆ ಕಡಮೆಯಿಲ್ಲದಂತೆ ಅಯೋಡಿನ್ ಇರತಕ್ಕದ್ದು. 2018–19ರಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಸುಮಾರು ಮೂರು ಮನೆಗಳ ಉಪ್ಪು ಮಾತ್ರ ಈ ಮಟ್ಟಕ್ಕೆ ಬಂದಿತ್ತು. ನಾಲ್ಕನೆಯ ಮನೆಯು ಯಾವುದು ಎಂಬುದೇ ಗ್ರಾಮದಲ್ಲಿ ವಿಚಾರಿಸತಕ್ಕ ವಿಷಯ.

ನಿಷೇಧವು ಊಟದ ಉಪ್ಪಿಗೆ ಮಾತ್ರ. ಜಾನುವಾರುಗಳಿಗೆ, ಪದಾರ್ಥಗಳನ್ನು ಕೆಡದಂತೆ ಇಡುವುದಕ್ಕೆ, ಕೈಗಾರಿಕೆಗೆ ಬೇಕಾದ ಬರಿಯ ಉಪ್ಪನ್ನು, ಇಂಥ ಉಪಯೋಗಕ್ಕೆಂದು ಚೀಟಿ ಹಚ್ಚಿ ಮಾರಬಹುದು. ತೊಡಕು ಹುಟ್ಟುವುದು ಇಲ್ಲಿಯೇ. ತೆಂಗಿನ ಬುಡಕ್ಕೆ ಉಪ್ಪು ಹಾಕುವ ವಾಡಿಕೆಯು ಅನೇಕ ತೋಟಗಳಲ್ಲಿ ಉಂಟು. ದನಗಳ ಕಲಗಚ್ಚಿಗೂ ಉಪ್ಪು ಬೇಕು. ಇದಕ್ಕಾಗಿ ಕಲ್ಲುಪ್ಪಿನ ಮೂಟೆಗಳು ಯಜಮಾನರ ಉಗ್ರಾಣಕ್ಕೆ ಬರುತ್ತವೆ. ಮೂಟೆಯು ಅಗ್ಗ, ಬಾಗಿಲ ಬಳಿಯೇ ಇರುತ್ತದೆ. ತೋಟದ ಕೆಲಸದವರು ಒಂದು ಪಾವು ಕೇಳಿದರೆ ಇಲ್ಲವೆನ್ನುವವರಾರು? ಮಳೆಗಾಲದಲ್ಲಿ ಪೇಟೆಯ ದಾರಿ ಕೆಟ್ಟಾಗ ಯಜಮಾನರ ಅಡಿಗೆಮನೆಗೂ ಅದೇ ಉಪ್ಪು ಹೋಗುತ್ತದೆ. ಇದು ದಾನವಲ್ಲ, ನಷ್ಟ. ತೆಂಗಿನ ಮೂಟೆಯನ್ನು ಗೊಬ್ಬರದ ಕೊಟ್ಟಿಗೆಯಲ್ಲಿ, ಗೊಬ್ಬರದ ಜೊತೆಗೇ ಇರಿಸತಕ್ಕದ್ದು. ಮನೆಯ ಉಗ್ರಾಣದೊಳಕ್ಕೆ ಬಿಡತಕ್ಕದ್ದಲ್ಲ. ಲೈನುಮನೆಗಳ ಕೂಲಿಯವರಿಗೆ ಸಾಮಾನು ಕೊಡುವ ತೋಟದವರು ‘ಅಯೋಡಿನ್‌ಯುಕ್ತ’ ಎಂದು ಮುದ್ರಿತವಾದ ಪೊಟ್ಟಣಗಳನ್ನೇ ತರಿಸಿ ಕೊಡಬೇಕು. ಉಪ್ಪಿನ ಬಾಬಿನಲ್ಲಿ ಒಂದು ಸಂಸಾರಕ್ಕೆ ತಿಂಗಳಿಗೆ ಹೆಚ್ಚಾಗುವ ಖರ್ಚು ಲೆಕ್ಕಕ್ಕೆ ಬಾರದಷ್ಟು. ಕಲ್ಲುಪ್ಪೇ ರುಚಿಯೆನ್ನುವವರಿಗೆ ಅಯೋಡಿನ್ ಬೆರಸಿದ ಕಲ್ಲುಪ್ಪೂ ದೊರಕುತ್ತದೆ. ಆದರೆ ಕಸವಿದೆಯೆಂದು ಅದನ್ನು ತೊಳೆದರೆ ಮೇಲೆ ಹತ್ತಿರುವ ಅಯೋಡಿನ್ ನೀರಿನೊಡನೆ ಹೋಗುತ್ತದೆ.

ಒಳ್ಳೆಯ ಉಪ್ಪನ್ನು ಕೊಂಡ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಮುಂಗಾರಿನ ತೇವಕ್ಕೆ ಬಾಯಿಬಿಟ್ಟ ಗೋಣಿಯಲ್ಲಿ ಇಟ್ಟ ಉಪ್ಪು ಬೆವೆತು ನೀರಾಗುತ್ತದೆ. ಆ ನೀರಿನೊಡನೆ ಅಯೋಡಿನ್ನೂ ತಳಕ್ಕೆ ಸೋರಿ ಹೋಗುತ್ತದೆ. ಒಲೆಯ ಪಕ್ಕದ ತೆರೆದ ಮರಿಗೆಯಲ್ಲಿ ಉಪ್ಪನ್ನು ಇಡುವ ಪದ್ಧತಿಯೂ ಒಳ್ಳೆಯದಲ್ಲ. ಮುಚ್ಚಳವಿರುವ ಭರಣಿಯಲ್ಲಿಯೋ ಡಬ್ಬಿಯಲ್ಲಿಯೋ, ಒಲೆಯಿಂದಲೂ ಬಿಸಿಲಿನಿಂದಲೂ ದೂರವಾಗಿ ಇರಿಸಿ, ಒಣಗಿದ ಚಮಚದಿಂದ ತೆಗೆಯುವಂತೆ ಮನೆಯ ಹೆಂಗಸರಿಗೆ ಹೇಳಬೇಕು. ಅಡಿಗೆಯಲ್ಲಿ ಕುದಿಸುವುದರಿಂದ ಸುಮಾರು ಐದರಲ್ಲೊಂದು ಪಾಲು ನಷ್ಟವಾಗುವುದೆಂದು ಲೆಕ್ಕವಿಟ್ಟಿದ್ದಾರೆ. ಸಾರು ಹುಳಿಗಳು ಬೆಂದು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಇದು ಕಡಮೆಯಾಗುತ್ತದೆ. ಇದನ್ನೆಲ್ಲ ಓದಿ ಉಪ್ಪನ್ನು ಹೆಚ್ಚಾಗಿ ತಿನ್ನಬೇಕೆಂದು ಯಾರೂ ತಿಳಿಯಬಾರದು. ರಕ್ತದ ಒತ್ತಡವುಳ್ಳವರಿಗೆ ವೈದ್ಯರು ಉಪ್ಪನ್ನು ಕಡಮೆ ಮಾಡಿಸುವುದು ಸರಿಯೇ. ತಿನ್ನುವಷ್ಟು ಉಪ್ಪು ಅಯೋಡಿನ್ ಬೆರೆತದ್ದಾಗಿರಲಿ ಎಂಬುದಿಷ್ಟೇ ಇಲ್ಲಿಯ ಮಾತು.

ಆಹಾರಪದಾರ್ಥಗಳಲ್ಲಿ ಕೆಲವು ಗ್ರಂಥಿಯ ಕೆಲಸಕ್ಕೆ ಅಡ್ಡಿ ಮಾಡುವವು. ಮಳೆಗಾಲದಲ್ಲಿ ಮಲೆನಾಡಿನವರೂ ಕೊಡಗಿನವರೂ ಇಷ್ಟಪಟ್ಟು ತಿನ್ನುವ ಕಳಲೆ, ಮರಗೆಣಸು, ಎಲೆಕೋಸು ಇವು ಆ ಜಾತಿಯವು. ಅಯೋಡಿನ್ ಸಾಕಷ್ಟಿರುವ ದೇಹಕ್ಕೆ ಇವುಗಳಿಂದ ಅಪಾಯವು ಕಾಣದು. ಕೊರತೆಯಿರುವ ಕಡೆ ಇವು ಕೊರತೆಯನ್ನು ಹೆಚ್ಚಿಸುತ್ತವೆ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಯಿಟ್ಟು ಬೇಯಿಸುವ ಹಿರಿಯರ ಪದ್ಧತಿಯು ಈ ವಿಷದ ಅಂಶವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಈಚೆಗೆ ಅವಸರದಿಂದ ಒಂದೇ ದಿನ ನೆನೆಸಿ ಮುಗಿಸುವವರು ಹಳಬರನ್ನು ಕೇಳಿ ನಡೆಯುವುದು ಮೇಲು.

ಶಾಲೆಯಲ್ಲಿ ರೋಗವಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಗ್ರಂಥಿಯ ಒಂದೊಂದು ಪಕ್ಕವೂ ಆ ಮಗುವಿನ ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ದೊಡ್ಡದಾಗಿದ್ದರೆ ಅದನ್ನು ಗಳಗಂಡವೆಂದು ಎಣಿಸುತ್ತಾರೆ. ಕೈಗೆ ಸಿಕ್ಕಿದರೂ ಕಣ್ಣಿಗೆ ಕಾಣದಿದ್ದರೆ ಮೊದಲ ದರ್ಜೆ. ತಲೆಯನ್ನು ನೆಟ್ಟಗೆ ಹಿಡಿದಾಗಲೇ ಕಂಡರೆ ಎರಡನೆಯ ದರ್ಜೆ. 6ರಿಂದ 12 ವರ್ಷದ ಮಕ್ಕಳಲ್ಲಿ ನೂರಕ್ಕೆ ಐವರಿಗೋ ಅದಕ್ಕೆ ಹೆಚ್ಚಿನವರಿಗೋ ಇದ್ದರೆ ಅದು ಆ ಸೀಮೆಯ ಸಾಮಾನ್ಯ ರೋಗವೆಂದೇ ಅರ್ಥ. ಮುಟ್ಟಿ ನೋಡಿ ನಿರ್ಣಯಿಸುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೆಲಸ. ಅವರನ್ನು ಶಾಲೆಗೆ ಕರೆತರುವುದು ಪಂಚಾಯಿತಿಯವರ ಕೆಲಸ. ಎಲ್ಲ ಊತಗಳೂ ಅಯೋಡಿನ್ನಿನ ಕೊರತೆಯಿಂದಲೇ ಆದವಲ್ಲ, ಗ್ರಂಥಿಗೆ ಬೇರೆ ರೋಗಗಳೂ ಬರುತ್ತವೆ. ಅದುಕಾರಣ ಊತವಿರುವ ಮಗುವನ್ನು ಉಪ್ಪು ಬದಲಾಯಿಸಿದ ಮಾತ್ರಕ್ಕೆ ಬಿಟ್ಟುಬಿಡದೆ ರಕ್ತಪರೀಕ್ಷೆಗೆ ಕಳುಹಿಸಬೇಕು. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ನನ್ನು ನೀರಿನಲ್ಲಿ ಬೆರಸಿ ಕುಡಿಸುವ ಹುಚ್ಚುಸಾಹಸಕ್ಕೆ ಯಾರೂ ಕೈಹಾಕಕೂಡದು. ಅಯೋಡಿನ್ ಮಿತಿಮೀರಿದರೂ ಗ್ರಂಥಿಯು ಕೆಡುತ್ತದೆ. ಬಹುಕಾಲದ ಗಂಟುಗಳಿರುವ ವೃದ್ಧರಿಗಂತೂ ಅದರಿಂದ ಹೃದಯಕ್ಕೆ ತೊಂದರೆಯಾಗಬಹುದು.

ಅಯೋಡಿನ್ ಸರಿಯಾಗಿ ದೊರಕತೊಡಗಿದ ಮೇಲೂ ಮಕ್ಕಳ ಗಳಗಂಡವು ಇಳಿಯುವುದಕ್ಕೆ ತಿಂಗಳುಗಳೋ ಕೆಲವು ವರ್ಷಗಳೋ ಬೇಕಾಗುತ್ತವೆ. ಒಂದು ಬೆಳೆಗೆ ಫಲ ಕಾಣಲಿಲ್ಲವೆಂದು ಬಿಡುವವರು ಇದರಲ್ಲಿ ಕೆಡುತ್ತಾರೆ.

ಜಾನುವಾರುಗಳ ವಿಷಯವನ್ನೂ ಸೇರಿಸಿ ಹೇಳಬೇಕು. ಆಡಿನ ಮರಿಯಾಗಲಿ ಕರುವಾಗಲಿ ಕತ್ತು ಊದಿ, ಮೈಮೇಲೆ ಕೂದಲು ವಿರಳವಾಗಿ, ಎದ್ದು ನಿಲ್ಲಲಾರದೆ ಹುಟ್ಟಿದರೆ, ಅಥವಾ ಸತ್ತು ಹುಟ್ಟಿದರೆ, ತಾಯಿಯ ಮೇವಿನಲ್ಲಿ ಅಯೋಡಿನ್ ಸಾಲದೆಂದು ಸಂಶಯಪಟ್ಟು ಪಶುವೈದ್ಯರಿಗೆ ತೋರಿಸಬೇಕು. ಗಬ್ಬವಾದ ರಾಸುಗಳಿಗೆ ಅಯೋಡಿನ್ ಸೇರಿದ ಖನಿಜಮಿಶ್ರಣವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡುವುದರಿಂದ ಕರುವಿಗೂ ಒಳ್ಳೆಯದು. ಹಾಲಿನಲ್ಲಿಯೂ ಅಯೋಡಿನ್ ಇಳಿದು ಮನೆಯ ಮಕ್ಕಳಿಗೆ ಬರುತ್ತದೆ. ಹುಟ್ಟಿಗೆಯಲ್ಲಿ ಇಂಥ ಮರಿಗಳನ್ನು ಕಂಡ ರೈತನು ಅದೇ ಊರಿನ ಶಾಲೆಯ ಮಕ್ಕಳ ಕತ್ತನ್ನೂ ಒಮ್ಮೆ ನೋಡುವುದು ವಿವೇಕ.

ಉಪ್ಪನ್ನು ಪರೀಕ್ಷಿಸುವ ಸಣ್ಣ ಪೆಟ್ಟಿಗೆಯನ್ನು ಆಶಾ ಕಾರ್ಯಕರ್ತೆಯರಿಗೆ ಸರ್ಕಾರದಿಂದ ಕೊಡುವ ಏರ್ಪಾಡು ಉಂಟು. ಒಂದು ಚಮಚ ಉಪ್ಪಿನ ಮೇಲೆ ದ್ರಾವಣದ ತೊಟ್ಟು ಬಿಟ್ಟರೆ, ಅಯೋಡಿನ್ ಇರುವ ಉಪ್ಪು ನೀಲಿಯಾಗುತ್ತದೆ. ಬಣ್ಣ ಬಾರದಿದ್ದರೆ, ಪೆಟ್ಟಿಗೆಯಲ್ಲಿಯೇ ಇರುವ ಎರಡನೆಯ ದ್ರಾವಣವನ್ನು ಹೊಸದಾದ ಉಪ್ಪಿನ ಮೇಲೆ ಹಾಕಿ, ಅದರ ಮೇಲೆ ಮೊದಲಿನದನ್ನು ಬಿಟ್ಟು ಮತ್ತೊಮ್ಮೆ ನೋಡಬೇಕು. ಆಗಲೂ ಬಾರದಿದ್ದರೆ ಅಯೋಡಿನ್ ಇಲ್ಲ. ಬಣ್ಣದ ಗಾಢತೆಯಿಂದ ಪ್ರಮಾಣವನ್ನು ನಿಷ್ಕರ್ಷಿಸಲಾಗದು, ಅದಕ್ಕೆ ಪ್ರಯೋಗಶಾಲೆ ಬೇಕು. ಮಳೆಗಾಲಕ್ಕೆ ಮುಂಚೆ, ವೈಶಾಖದಲ್ಲಿ ಸಾಮಾನು ಕೂಡಿಡುವ ಕಾಲಕ್ಕೆ ಊರಿನ ಅಂಗಡಿಗಳ ಉಪ್ಪನ್ನೂ, ಭಾದ್ರಪದದಲ್ಲಿ ತೇವವನ್ನು ಕಂಡ ಉಪ್ಪನ್ನೂ, ಶಾಲೆಯ ಬಿಸಿಯೂಟದ ಅಡಿಗೆಮನೆಯ ಉಪ್ಪನ್ನೂ ಪರೀಕ್ಷಿಸಿ, ಪಂಚಾಯಿತಿಯ ಪುಸ್ತಕದಲ್ಲಿ ಅಂಗಡಿಯ ಹೆಸರು, ತಾರೀಖು, ಬಣ್ಣ ಬಂದುದು ಬಾರದುದನ್ನು ಬರೆದಿಡತಕ್ಕದ್ದು. ಬಣ್ಣ ಬಾರದ ಮೂಟೆಯು ಅಂಗಡಿಯಲ್ಲಿ ಕಂಡರೆ ಅಂಗಡಿಯವನಿಗೆ ತಿಳಿಹೇಳಿ, ಮತ್ತೂ ಊಟಕ್ಕೆಂದು ಮಾರಿದರೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬರೆಯಬೇಕು. ಆ ಮೂಟೆಯನ್ನು ತೆಂಗಿನ ತೋಟದವರು ಯಾರಾದರೂ ಕೊಂಡರೆ ಅವನಿಗೂ ನಷ್ಟವಿಲ್ಲ.